‘ತಳಿ ಸಂರಕ್ಷಣೆ’ ಅಂದರೆ ಯಾವುದರ ರಕ್ಷಣೆ?

ಗೆಳೆಯರೇ,

ಬೀಜದ ಕಾನೂನಿನ ಬಗ್ಗೆ ರೈತರಿಗಾಗಿ ಒಂದು ಸಣ್ಣ ಪುಸ್ತಿಕೆ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ನಿಂತಿದ್ದೇನೆ. 2001ರ ಕಾಯ್ದೆಯನ್ನು ಕನ್ನಡದಲ್ಲಿ ‘ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ’ ಎಂದು ಬರೆಯುತ್ತಾರೆ. ಇಲ್ಲಿನ ‘ಸಂರಕ್ಷಣೆ’ ನಿಮಗೆ ಯಾವ ಅರ್ಥ ಕೊಡುತ್ತದೆ?

ನಮ್ಮಲ್ಲಿ ತಳಿ ಸಂರಕ್ಷಕ ಅಂದರೆ ನೆನಪಾಗುವುದು ಮಂಡ್ಯ ಜಿಲ್ಲೆ ಕಿರುಗಾವಲಿನ ಸಯ್ಯದ್ ಘನಿ ಖಾನ್ ಅವರಂಥ ರೈತರು. ಭತ್ತದ ನೂರಾರು ತಳಿಗಳನ್ನು ಬಿತ್ತುತ್ತಾ ಕಾಪಾಡಿಕೊಂಡು ಬಂದವರು. ಕಾಯ್ದೆಯ ಹೆಸರಿನಲ್ಲಿರುವುದು ಬೇರೆಯೇ. ಹೊಸ ತಳಿ ರೂಪಿಸಿ ನೋಂದಾಯಿಸಿದವರಿಗೆ, ಬೇರೆಯವರು ಅದರ ಬೀಜ ಮಾಡಿ ಮಾರದಂತೆ ತಡೆಯುವ ಹಕ್ಕು ಸಿಗುತ್ತದೆ. ಹೊಲದ ಬೆಳೆಗಾದರೆ 15 ವರ್ಷ, ಮರ ಮತ್ತು ಬಳ್ಳಿಗಾದರೆ 18 ವರ್ಷ. ಅಂದರೆ ಕಾಪಾಡುವುದು ಹಕ್ಕನ್ನು. ಅದೇ ಕಾಯ್ದೆಯಡಿ ಹಳೆಯ ತಳಿ ಉಳಿಸಿದ ರೈತರಿಗೆ ಪ್ರಶಸ್ತಿಯೂ ಇದೆ! ಒಂದೇ ಪುಟದಲ್ಲಿ ಎರಡಕ್ಕೂ ‘ಸಂರಕ್ಷಣೆ’ ಅಂತ ಬರೆದರೆ ಓದುವವರಿಗೆ ಹೇಗೆ ತಿಳಿಯಬೇಕು?

ಪತ್ರಿಕೆಗಳಲ್ಲಿ ತಳಿ ರೂಪಿಸಿದವರ ಈ ಹಕ್ಕಿಗೆ ‘ಪೇಟೆಂಟ್’, ‘ಹಕ್ಕುಸ್ವಾಮ್ಯ’ ಎಂದೂ ಬರುತ್ತದೆ. ಎರಡೂ ಸರಿಯಲ್ಲ. ನಮ್ಮ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಜೆ) ಪ್ರಕಾರ ಗಿಡಕ್ಕೆ, ಬೀಜಕ್ಕೆ, ತಳಿಗೆ ಪೇಟೆಂಟ್ ಕೊಡುವಂತಿಲ್ಲ. ‘ಹಕ್ಕುಸ್ವಾಮ್ಯ’ವಂತೂ ಪುಸ್ತಕ, ಸಿನಿಮಾಕ್ಕೂ ಬಳಕೆಯಲ್ಲಿದೆ.

ಇದು ಸುಮ್ನೆ ಪದದ ಜಗಳ ಅಲ್ಲ. 2019ರಲ್ಲಿ ಗುಜರಾತಿನಲ್ಲಿ, ತಾನು ನೋಂದಾಯಿಸಿದ್ದ ಎಫ್‌ಎಲ್ 2027 ತಳಿಯ ಆಲೂಗಡ್ಡೆ ಬೆಳೆದ ರೈತರ ಮೇಲೆ ಪೆಪ್ಸಿಕೋ ಕಂಪನಿ ದಾವೆ ಹಾಕಿ, ವಿರೋಧ ಜೋರಾದ ಮೇಲೆ ಹಿಂದಕ್ಕೆ ಪಡೆಯಿತು. 2001ರ ಕಾಯ್ದೆಯ 39ನೇ ಸೆಕ್ಷನ್ ತೆರೆದು ನೋಡಿ. ರೈತ ತನ್ನ ಬೆಳೆಯ ಬೀಜ ಎತ್ತಿಟ್ಟುಕೊಳ್ಳಬಹುದು, ಬಳಸಬಹುದು, ಬಿತ್ತಬಹುದು, ಮತ್ತೆ ಬಿತ್ತಬಹುದು, ಕೊಟ್ಟು ತಗೊಳ್ಳಬಹುದು, ಹಂಚಬಹುದು, ಮಾರಲೂಬಹುದು. ಬೇರೆಯವರು ಹಕ್ಕು ಪಡೆದ ತಳಿಯ ಬೀಜವಾದರೂ ಅಷ್ಟೇ. ಪ್ಯಾಕೆಟ್‌ಗೆ ತುಂಬಿ ಆ ತಳಿಯ ಹೆಸರಿನ ಲೇಬಲ್ ಹಚ್ಚಿ ಮಾರುವಂತಿಲ್ಲ, ಅದೊಂದೇ ತಡೆ. ಇಷ್ಟು ಹಕ್ಕು ಇರುವಾಗ ‘ಪೇಟೆಂಟ್ ಬೀಜ’ ಎಂದು ಓದಿದ ರೈತ ಹೆದರಿ, ಮುಂದಿನ ಸಲಕ್ಕೆ ಬೀಜ ಎತ್ತಿಡುವುದನ್ನೇ ಬಿಟ್ಟರೆ? ಪ್ರತಿ ಹಂಗಾಮಿಗೂ ದುಡ್ಡು ಕೊಟ್ಟು ಬೀಜ ತರಬೇಕು. ಸಣ್ಣ ಹಿಡುವಳಿಯವರ ಮನೆಯ ಊಟಕ್ಕೇ ಅದು ಹೊರೆ.

ಸದ್ಯಕ್ಕೆ ನಾನು ‘ತಳಿ ಹಕ್ಕು’ ಎಂದು ಬರೆದಿದ್ದೇನೆ. ‘ಸಂರಕ್ಷಣೆ’ಯನ್ನು ಹಳೆಯ ತಳಿ ಉಳಿಸುವ ಕೆಲಸಕ್ಕೇ ಬಿಟ್ಟಿದ್ದೇನೆ. ‘ಸಂರಕ್ಷಿತ ತಳಿ’ಯ ಬದಲು ‘ಹಕ್ಕಿರುವ ತಳಿ’ ಅಂದರೆ ತಳಿಗೇ ಹಕ್ಕು ಇದ್ದಂತೆ ಕೇಳಿಸುತ್ತದೆ, ಅಲ್ವಾ? ‘ನೋಂದಾಯಿತ ತಳಿ’ ವಾಸಿಯೇ?

ಇನ್ನೊಂದು: ತಳಿ ರೂಪಿಸಿದವರನ್ನು ಏನೆನ್ನೋಣ? ‘ತಳಿ ವಿಜ್ಞಾನಿ’ ಜಾಸ್ತಿ ಬಳಕೆಯಲ್ಲಿದೆ. ಆದರೆ ಕಾಯ್ದೆಯ ಪ್ರಕಾರ ರೈತರೂ ಆ ಸ್ಥಾನದಲ್ಲಿ ಬರುತ್ತಾರೆ. ‘ತಳಿಗಾರ’ ಎಂಬ ಮಾತು ನಿಮ್ಮ ಕಡೆ ಕೇಳಿದ್ದೀರಾ? ಹೊಲದಲ್ಲಿ ಒಳ್ಳೆ ತೆನೆ ಆರಿಸಿ ಬೀಜಕ್ಕೆ ಇಡುವವರಿಗೆ ನಿಮ್ಮೂರಲ್ಲಿ ಹೆಸರೇನಾದರೂ ಇದ್ದರೆ ತಿಳಿಸಿ.