ಸಿಆರ್‌ಪಿ ಹೆಚ್ಚಿದೆ ಅಂದರೆ ಹೃದಯ ಸೋತಿದೆ ಅಂತಲೇ?

ಪ್ರಶ್ನೆ (ಅಂಕೋಲಾದಿಂದ): ಡಾಕ್ಟ್ರೇ, ನಮ್ಮಪ್ಪನಿಗೆ 68 ವರ್ಷ. ಕೆಲವು ದಿನಗಳಿಂದ ಕಾಲು ಬಾತಿದೆ, ಅಂಗಾತ ಮಲಗಿದರೆ ಏದುಸಿರು ಬರ್ತದೆ. ಮೈಯಲ್ಲಿ ಉರಿಯೂತ ಇದ್ದರೆ ರಕ್ತದಲ್ಲಿ ಏರುವ ಪ್ರೋಟೀನು ಅಂತಾರಲ್ಲ, ಆ ಸಿಆರ್‌ಪಿ 14 ಬಂದಿದೆ. ರೋಗನಿರೋಧಕ ಪ್ರೋಟೀನುಗಳಾದ ಐಎಲ್-6, ಗ್ಯಾಲೆಕ್ಟಿನ್-3 ನೋಡಿದರೆ ಹಾರ್ಟ್ ಫೇಲ್ಯೂರ್ ಗೊತ್ತಾಗ್ತದೆ ಅಂತ ಲ್ಯಾಬಿನಲ್ಲಿ ಹೇಳಿದರು. ರಕ್ತ ಬೆಂಗಳೂರಿಗೆ ಕಳಿಸಬೇಕಂತೆ. ಮಾಡಿಸಲಾ?

ಉತ್ತರ (ವೈದ್ಯರು, ಶಿರಸಿ): ತಂಗಿ, ಯಾವ ರಿಪೋರ್ಟಿಗೂ ಕಾಯಬೇಡಿ. ಮಲಗಿದರೆ ಉಸಿರು ಕಟ್ಟುವವರನ್ನು ಇವತ್ತೇ ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಇರುವಲ್ಲಿಗೆ ಕರೆದುಕೊಂಡು ಹೋಗಿ. ಕಾರವಾರ ನಿಮಗೆ ಹತ್ತಿರ.

ಆ ಪ್ರೋಟೀನುಗಳ ಮಾತು ಸುಳ್ಳಲ್ಲ. ಹೃದಯ ಸೋತಾಗ, ಅಂದರೆ ಮೈಗೆ ಬೇಕಾದಷ್ಟು ರಕ್ತ ಒತ್ತಲಾಗದೆ ಇದ್ದಾಗ, ರೋಗನಿರೋಧಕ ವ್ಯವಸ್ಥೆಯೂ ಕೆರಳುತ್ತದೆ; ಇದನ್ನೇ ಉರಿಯೂತ ಅನ್ನುವುದು. ತೀವ್ರ ಹೃದಯ ವೈಫಲ್ಯವಿದ್ದವರ ರಕ್ತದಲ್ಲಿ ಟಿಎನ್‌ಎಫ್ ಎಂಬ ಪ್ರೋಟೀನು ಏರಿರುವುದು 1990ರಲ್ಲೇ ಕಂಡಿತ್ತು. ಗ್ಯಾಲೆಕ್ಟಿನ್-3 ಅನ್ನು ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ಸುರಿಸುತ್ತವೆ. ಹೃದಯದ ಸ್ನಾಯುವಿನಲ್ಲಿ ನಾರು ಬೆಳೆದು ಅದು ಗಡುಸಾಗುವುದರಲ್ಲಿ ಇದರ ಕೈವಾಡವಿದೆ. ಎಸ್‌ಟಿ2 ಎಂಬುದೂ ಇದೇ ಗುಂಪಿನದು. ಕಾಯಿಲೆ ಇದೆ ಅಂತ ಖಚಿತವಾದವರಲ್ಲಿ ಇವು ಹೆಚ್ಚಿದ್ದರೆ ಮುಂದೆ ತೊಂದರೆ ಜಾಸ್ತಿ ಅಂತ ಅಂದಾಜಿಸಬಹುದು. ಕಾಯಿಲೆ ಇದೆಯೋ ಇಲ್ಲವೋ ಅನ್ನುವುದಕ್ಕೆ ಇವು ಸಾಲವು. ಊರಲ್ಲಿ ಹೊಗೆ ಕಂಡ ಮಾತ್ರಕ್ಕೆ ಯಾರ ಮನೆಗೆ ಬೆಂಕಿ ಬಿದ್ದಿದೆ ಅಂತ ತಿಳಿಯುವುದಿಲ್ಲವಲ್ಲ. ಮಳೆಗಾಲದ ಇಲಿಜ್ವರಕ್ಕೂ, ಹಲ್ಲಿನ ಕೀವಿಗೂ ಸಿಆರ್‌ಪಿ ಏರುತ್ತದೆ. ಕಿಡ್ನಿ ಸೋತರೆ ಗ್ಯಾಲೆಕ್ಟಿನ್-3 ಏರುತ್ತದೆ.

ಎಕೋ ಜೊತೆಗೆ ರಕ್ತದಲ್ಲಿ ನೋಡಬೇಕಾದ್ದು ಎನ್‌ಟಿ-ಪ್ರೋಬಿಎನ್‌ಪಿ. ಒತ್ತಡದಿಂದ ಹಿಗ್ಗಿದ ಹೃದಯವೇ ಇದನ್ನು ಬಿಡುಗಡೆ ಮಾಡುವುದು. ಹೀಗೆ ದಿಢೀರ್ ಉಸಿರಾಟದ ತೊಂದರೆ ಬಂದವರಲ್ಲಿ 300ಕ್ಕಿಂತ ಕಡಿಮೆ ಇದ್ದರೆ ಹೃದಯ ವೈಫಲ್ಯದ ಸಾಧ್ಯತೆ ತೀರಾ ಕಡಿಮೆ. ವಯಸ್ಸು, ಕಿಡ್ನಿ ತೊಂದರೆ ಇದನ್ನು ಏರಿಸುತ್ತವೆ, ಬೊಜ್ಜು ಇಳಿಸುತ್ತದೆ. ಅದಕ್ಕೇ ಸಂಖ್ಯೆಯನ್ನು ರೋಗಿಯ ಎದುರಿಟ್ಟು ಓದಬೇಕು. ಬೆಂಗಳೂರಿಗೆ ರಕ್ತ ಕಳಿಸುವ ದುಡ್ಡು ಎಕೋಗೆ ಇರಲಿ.

ಪ್ರಶ್ನೆ (ಹೊನ್ನಾವರದಿಂದ): ಸರ್, ಹಾಗಾದರೆ ಉರಿಯೂತ ಇಳಿಸುವ ಔಷಧ ಕೊಟ್ಟರೆ ಹೃದಯ ಸುಧಾರಿಸಬೇಕಲ್ಲ?

ಉತ್ತರ: ಎಲ್ಲರೂ ಹಾಗೇ ಅಂದುಕೊಂಡಿದ್ದರು. ಟಿಎನ್‌ಎಫ್ ತಡೆಯುವ ಎಟನರ್ಸೆಪ್ಟ್ ಕೊಟ್ಟು ನೋಡಿದರು. ಪ್ರಯೋಜನ ಕಾಣದೆ 2001ರಲ್ಲಿ ಆ ಪ್ರಯೋಗಗಳನ್ನು ನಿಲ್ಲಿಸಬೇಕಾಯಿತು. ಟಿಎನ್‌ಎಫ್ ತಡೆಯುವ ಇನ್ನೊಂದು ಔಷಧವಾದ ಇನ್‌ಫ್ಲಿಕ್ಸಿಮ್ಯಾಬ್ ಹೆಚ್ಚು ಪ್ರಮಾಣದಲ್ಲಿ ಕೊಟ್ಟವರ ಸ್ಥಿತಿ ಇನ್ನೂ ಕೆಟ್ಟಿತು. ಇನ್ನೊಂದು ಮಾತು ಎಲ್ಲರೂ ಕೇಳಿಸಿಕೊಳ್ಳಿ: ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆಗಳೂ ಉರಿಯೂತ ಇಳಿಸುವಂಥವೇ. ಆದರೆ ಅವು ಮೈಯಲ್ಲಿ ಉಪ್ಪು, ನೀರು ನಿಲ್ಲಿಸುತ್ತವೆ. ಸೋತ ಹೃದಯಕ್ಕೆ ಅದೇ ಅಪಾಯ.

ಅಂಕೋಲಾದಿಂದ: ಡಾಕ್ಟ್ರೇ, ಅಪ್ಪ ಮಂಡಿನೋವಿಗೆ ದಿನಾ ಡೈಕ್ಲೋಫೆನಾಕ್ ತಗೊಳ್ತಾರೆ. ಒಣಮೀನು, ಉಪ್ಪಿನಕಾಯಿ ಇಲ್ಲದೆ ಊಟವೂ ಇಲ್ಲ.

ಉತ್ತರ: ಆ ಮಾತ್ರೆ ಈಗಲೇ ನಿಲ್ಲಿಸಿ. ಒಣಮೀನು, ಉಪ್ಪಿನಕಾಯಿಯೂ ಬೇಡ. ಬಿಪಿ, ಶುಗರ್ ಮಾತ್ರೆಗಳಿದ್ದರೆ ನೀವಾಗಿ ಬಿಡಬೇಡಿ, ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ಅಲ್ಲಿನ ಡಾಕ್ಟರಿಗೆ ತೋರಿಸಿ. ದಾರಿಯಲ್ಲಿ ಮಲಗಿಸಬೇಡಿ, ಒರಗಿಸಿ ಕೂರಿಸಿ. ಎಕೋ ಆದಮೇಲೆ ಇಲ್ಲಿ ಬರೆಯಿರಿ, ನೋಡುತ್ತೇನೆ.