ನಾಳೆ ಥ್ಯಾಂಕ್ಸ್‌ಗಿವಿಂಗ್, ಟರ್ಕಿ ಒಳಗಡೆ ಇನ್ನೂ ಗಟ್ಟಿ: ಈಗ ಏನು ಮಾಡಲಿ?

ಮಿಶಿಗನ್‌ಮನೆ · ಬುಧವಾರ ಸಂಜೆ 7:10

ಎಲ್ಲರಿಗೂ ನಮಸ್ಕಾರ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮೊದಲ ಸಲ ಇಡೀ ಟರ್ಕಿ ಕೋಳಿ ಮಾಡುತ್ತಿದ್ದೇನೆ. 14 ಪೌಂಡಿನ ಫ್ರೋಜನ್ ಹಕ್ಕಿ, ಸೋಮವಾರ ಬೆಳಿಗ್ಗೆಯಿಂದ ಫ್ರಿಜ್‌ನಲ್ಲಿದೆ. ಕವರಿನ ಮೇಲಿಂದ ಒತ್ತಿ ನೋಡಿದರೆ ಎದೆ ಭಾಗ ಮೆತ್ತಗಾಗಿದೆ, ತೊಡೆಯ ಸಂದು ಮಾತ್ರ ಗಟ್ಟಿಯಾಗಿಯೇ ಇದೆ. ನಾಳೆ 4 ಗಂಟೆಗೆ ಊಟ, ಹತ್ತು ಜನ. ರಾತ್ರಿಯಿಡೀ ಕೌಂಟರ್ ಮೇಲೆ ಇಟ್ಟರೆ ಆಗುತ್ತಾ? ಬಿಸಿನೀರಿನಲ್ಲಿ ಹಾಕಲಾ? ಇರುವುದು ಒಂದೇ ಅವನ್. ಊರಿಂದ ಬಂದಿರುವ ಅತ್ತೆ-ಮಾವ ಸಸ್ಯಾಹಾರಿಗಳು, ಅವರಿಗೂ ಹಬ್ಬದೂಟ ಆಗಬೇಕು. ಇದನ್ನೆಲ್ಲ ಹೇಗೆ ಹೊಂದಿಸುವುದು ಅಂತ ತಿಳಿಯುತ್ತಿಲ್ಲ.

ಒಲೆಮುಂದೆ · 7:32

ಮೊದಲು ಒಂದು ಮಾತು: ನಿಮ್ಮ ಊಟ ಕೈತಪ್ಪಿಲ್ಲ. ಫ್ರಿಜ್‌ನಲ್ಲಿ ಪ್ರತಿ 4-5 ಪೌಂಡಿಗೆ ಒಂದು ಪೂರ್ತಿ ದಿನ ಬೇಕು. 14 ಪೌಂಡಿಗೆ ಮೂರು ದಿನ ದಾಟುತ್ತದೆ. ಅಂದರೆ ನಿಮ್ಮದು ಮುಕ್ಕಾಲು ದಾರಿ ಬಂದಿದೆ.

ಕೌಂಟರ್ ಮೇಲೂ ಬೇಡ, ಬಿಸಿನೀರೂ ಬೇಡ. ಎರಡರಲ್ಲೂ ಒಳಗಿನ ಮಂಜು ಕರಗುವಷ್ಟರಲ್ಲಿ ಹೊರಗಿನ ಮಾಂಸ 40 ಡಿಗ್ರಿ ಫ್ಯಾರನ್‌ಹೀಟ್ ದಾಟಿ, ಬ್ಯಾಕ್ಟೀರಿಯಾ ಬೆಳೆಯಲು ಶುರುವಾಗುತ್ತದೆ. ಇವತ್ತು ರಾತ್ರಿ ಫ್ರಿಜ್‌ನಲ್ಲೇ ಬಿಡಿ. ನಾಳೆ 7 ಗಂಟೆಗೆ ಕವರು ಬಿಚ್ಚದೆ, ನೀರು ಒಳಹೋಗದ ಇನ್ನೊಂದು ಚೀಲದಲ್ಲಿ ಹಾಕಿ, ಸಿಂಕ್‌ನಲ್ಲಿ ತಣ್ಣೀರು ತುಂಬಿ ಮುಳುಗಿಸಿ. ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಪೂರ್ತಿ ಫ್ರೋಜನ್ ಆಗಿದ್ದರೆ ಪೌಂಡಿಗೆ ಅರ್ಧ ಗಂಟೆ ಲೆಕ್ಕ, ನಿಮಗೆ ಎರಡು-ಮೂರು ಗಂಟೆ ಸಾಕು. ಹೀಗೆ ಕರಗಿಸಿದ ಮೇಲೆ ಮತ್ತೆ ಫ್ರಿಜ್‌ಗೆ ಇಡಬೇಡಿ, ನೇರ ಅವನ್‌ಗೆ.

ಥರ್ಮಾಮೀಟರ್ ಇದೆಯಾ? ಇಲ್ಲದಿದ್ದರೆ ಇವತ್ತೇ ಅಂಗಡಿ ಮುಚ್ಚುವ ಮುಂಚೆ ತನ್ನಿ. ಉಳಿದ ಯಾವುದು ಇಲ್ಲದಿದ್ದರೂ ನಡೆಯುತ್ತದೆ, ಇದು ಬೇಕೇ ಬೇಕು. ಹಕ್ಕಿಯ ಎದೆಗೆ ಚುಚ್ಚಿ ಬರುವ ಪ್ಲಾಸ್ಟಿಕ್ ಗುಂಡಿಯನ್ನು ನಂಬಿ ಕೂರಬೇಡಿ. ಅದು ಒಂದೇ ಜಾಗದ ಬಿಸಿ ತೋರಿಸುತ್ತದೆ, ಎಷ್ಟೋ ಸಲ ತಡವಾಗಿ ಮೇಲೇಳುತ್ತದೆ.

ಮಿಶಿಗನ್‌ಮನೆ · 7:50

ಥರ್ಮಾಮೀಟರ್ ಇದೆ. ತುಂಬಾ ಥ್ಯಾಂಕ್ಸ್. ಮಸಾಲೆ? ಕೋಳಿಗೆ ಮಾಡುವ ಹಾಗೆ ಅರಿಶಿನ, ಉಪ್ಪು ಹಚ್ಚಿ ತೊಳೆದು, ಮೊಸರಲ್ಲಿ ನೆನೆಸಬೇಕು ಅಂತಿದ್ದೆ.

ಒಲೆಮುಂದೆ · 8:05

ತೊಳೆಯುವುದನ್ನು ಬಿಟ್ಟುಬಿಡಿ. ನಮಗೆ ರೂಢಿ, ನಿಜ. ಆದರೆ ಇಷ್ಟು ದೊಡ್ಡ ಹಕ್ಕಿಯನ್ನು ನಲ್ಲಿ ಕೆಳಗೆ ಹಿಡಿದರೆ ನೀರು ಪಕ್ಕದ ಪಾತ್ರೆ, ಹೆಚ್ಚಿಟ್ಟ ತರಕಾರಿ, ಎಲ್ಲದಕ್ಕೂ ಸಿಡಿಯುತ್ತದೆ. ಸಾಲ್ಮೊನೆಲ್ಲಾ ಸಾಯುವುದು ಬಿಸಿಗೆ, ನೀರಿಗಲ್ಲ. ಅಮೆರಿಕದ ಕೃಷಿ ಇಲಾಖೆ ಹೇಳುವುದೂ ಇದನ್ನೇ. ಪೇಪರ್ ಟವೆಲ್‌ನಿಂದ ಚೆನ್ನಾಗಿ ಒರೆಸಿ. ಚರ್ಮ ಒಣಗಿದ್ದಷ್ಟೂ ಗರಿಗರಿಯಾಗುತ್ತದೆ.

ಮೊಸರೂ ಬೇಡ. ಇಷ್ಟು ದಪ್ಪ ಮಾಂಸದೊಳಗೆ ಮಸಾಲೆ ಇಳಿಯುವುದಿಲ್ಲ, ಚರ್ಮ ಮಾತ್ರ ಒದ್ದೆಯಾಗುತ್ತದೆ. ನಾನು ಮಾಡುವುದು ಹೀಗೆ. ಮೆತ್ತಗಿನ ಬೆಣ್ಣೆಗೆ ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಕುಟ್ಟಿದ ಕಾಳುಮೆಣಸು, ಸ್ವಲ್ಪ ಧನಿಯಾ ಪುಡಿ ಕಲೆಸಿ. ಕತ್ತಿನ ಕಡೆಯಿಂದ ಎದೆಯ ಚರ್ಮದ ಕೆಳಗೆ ಎರಡು ಬೆರಳು ತೂರಿಸಿ ನಿಧಾನಕ್ಕೆ ಬಿಡಿಸಿದರೆ ಒಂದು ಜೇಬಿನಂತೆ ತೆರೆದುಕೊಳ್ಳುತ್ತದೆ. ಬೆಣ್ಣೆಯನ್ನು ಅಲ್ಲಿಗೆ ಹಾಕಿ, ಮೇಲಿಂದ ನೀವುತ್ತಾ ಮುಂದೆ ತಳ್ಳಿ. ಅಲ್ಲಿದ್ದರೆ ಬೆಳ್ಳುಳ್ಳಿ ಸೀದುಹೋಗುವುದಿಲ್ಲ. ಚರ್ಮದ ಮೇಲೆ ಎಣ್ಣೆ, ಉಪ್ಪು ಅಷ್ಟೇ.

ಉಪ್ಪಿಗೆ ಮುಂಚೆ ಕವರಿನ ಲೇಬಲ್ ಓದಿ. ಉಪ್ಪುನೀರಿನ ದ್ರಾವಣ ಸೇರಿಸಿದೆ ಅಂತ ಶೇಕಡಾ ಲೆಕ್ಕದಲ್ಲಿ ಬರೆದಿದ್ದರೆ ಮಾಂಸಕ್ಕೆ ಆಗಲೇ ಉಪ್ಪು ಹೋಗಿದೆ ಅಂತ ಅರ್ಥ. ಕೈ ಹಿಡಿದು ಹಾಕಿ.

ಧಾರವಾಡ_ಟು_ಡಲ್ಲಾಸ್ · 8:40

ಅವನ್ ವಿಷಯ ನಾನು ಹೇಳುತ್ತೇನೆ. ಟರ್ಕಿ 4ಕ್ಕೆ ಸರಿಯಾಗಿ ಹೊರಗೆ ಬರಬೇಕು ಅಂತ ಲೆಕ್ಕ ಹಾಕುವುದರಿಂದಲೇ ಅರ್ಧ ತಲೆನೋವು. ಅದು 2:30, 3ಕ್ಕೆ ಮುಗಿದರೆ ಒಳ್ಳೆಯದು. ಹೊರಗೆ ತೆಗೆದ ಮೇಲೆ ಹೇಗೂ ಅರ್ಧ ಗಂಟೆಯಾದರೂ ಬಿಡಬೇಕು. ಇಷ್ಟು ದೊಡ್ಡದು ಮುಕ್ಕಾಲು ಗಂಟೆಯಾದರೂ ಬಿಸಿ ಹಿಡಿದಿರುತ್ತದೆ. ಆ ಹೊತ್ತಿನಲ್ಲಿ ಅವನ್ ಪೂರ್ತಿ ನಿಮ್ಮದು. ಬೀನ್ಸ್ ಕ್ಯಾಸರೋಲ್, ಗೆಣಸು, ಸ್ಟಫಿಂಗ್ (ಬ್ರೆಡ್ ತುಂಡುಗಳ ಹೂರಣ) ಎಲ್ಲ ಆಗ ಒಳಗಿಡಿ.

ಸ್ಟಫಿಂಗನ್ನು ಹಕ್ಕಿಯೊಳಗೆ ತುಂಬಬೇಡಿ. ತುಂಬಿದರೆ ಅದರ ನಡುಭಾಗವೂ 165 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಬೇಕು, ಅಷ್ಟರಲ್ಲಿ ಎದೆ ಒಣಗಿರುತ್ತದೆ. ಬೇರೆ ಟ್ರೇಯಲ್ಲಿ, ತರಕಾರಿ ಸ್ಟಾಕ್ ಹಾಕಿ ಮಾಡಿದರೆ ನಿಮ್ಮ ಅತ್ತೆ-ಮಾವನೂ ತಿನ್ನಬಹುದು. ಗ್ರೇವಿಯನ್ನೂ ಅವರಿಗೆ ಅಣಬೆಯದು ಬೇರೆ ಮಾಡಿ, ಬೇರೆ ಸೌಟು ಇಡಿ. ಕ್ರ್ಯಾನ್‌ಬೆರಿ ಸಾಸ್ ಇವತ್ತೇ ಕುದಿಸಿಟ್ಟುಕೊಳ್ಳಿ, ಹುಳಿ-ಸಿಹಿ ಒಂದು ರಾತ್ರಿ ಕೂತರೆ ಇನ್ನೂ ರುಚಿ. ಜೊತೆಗೆ ಸ್ಟೌ ಮೇಲೆ ಬಿಸಿಬೇಳೆಬಾತ್ ಮಾಡಿಬಿಡಿ. ನಮ್ಮನೆಯಲ್ಲಿ ಮೊದಲು ಖಾಲಿಯಾಗುವುದು ಅದೇ.

ಇನ್ನೊಂದು. ಅಂಗಡಿಯ ತೆಳು ಅಲ್ಯೂಮಿನಿಯಂ ಟ್ರೇ ಆದರೆ ಕೆಳಗೆ ಗಟ್ಟಿ ಬೇಕಿಂಗ್ ಶೀಟ್ ಇಡಿ. ಬಿಸಿ ಕೊಬ್ಬು ತುಂಬಿದ ಟ್ರೇ ಕೈಯಲ್ಲಿ ಮಡಿಚಿಕೊಂಡರೆ ಸುಡುತ್ತದೆ.

ಮಿಶಿಗನ್‌ಮನೆ · ಗುರುವಾರ ಬೆಳಿಗ್ಗೆ 9:45

ತಣ್ಣೀರು ಕೆಲಸ ಮಾಡಿತು. ಆದರೆ ಹೊಟ್ಟೆಯೊಳಗೆ ಏನೋ ಒಂದು ಪೊಟ್ಟಣ ಮಂಜಿಗೆ ಅಂಟಿಕೊಂಡಿದೆ, ಎಳೆದರೂ ಬರುತ್ತಿಲ್ಲ.

ಒಲೆಮುಂದೆ · 9:52

ಅದು ಲಿವರ್, ಗಿಜರ್ಡ್, ಹೃದಯ. ಪಕ್ಕದಲ್ಲಿ ಕತ್ತೂ ಇರುತ್ತದೆ. ಪೊಟ್ಟಣ ಕಾಗದದ್ದೋ ಪ್ಲಾಸ್ಟಿಕ್‌ದೋ ನೋಡಿ. ಕಾಗದವಾದರೆ ಹಾಗೇ ಒಳಗಿಡಿ, ಒಂದು ಗಂಟೆಯ ನಂತರ ಇಕ್ಕಳದಿಂದ ಎಳೆದರೆ ಬರುತ್ತದೆ. ಪ್ಲಾಸ್ಟಿಕ್ ಆದರೆ ಅವನ್‌ಗೆ ಹೋಗಲೇಬಾರದು. ಹೊಟ್ಟೆಯೊಳಗೆ ತಣ್ಣೀರು ಸಣ್ಣಗೆ ಬಿಟ್ಟು ಸಡಿಲ ಮಾಡಿ, ಆಮೇಲೆ ಸಿಂಕ್ ಸೋಪ್ ಹಾಕಿ ಉಜ್ಜಿ.

325 ಡಿಗ್ರಿಗೆ ಇಡಿ, ಅದಕ್ಕಿಂತ ಕಡಿಮೆ ಬೇಡ. ಈ ತೂಕಕ್ಕೆ 3ರಿಂದ 3¾ ಗಂಟೆ. ಒಳಗೆ ಮಂಜು ಉಳಿದಿದ್ದರೆ ಇನ್ನೊಂದಿಷ್ಟು ಜಾಸ್ತಿ. ಸುಮ್ನೆ ಬಾಗಿಲು ತೆಗೆದು ತೆಗೆದು ನೋಡಬೇಡಿ.

ಮಿಶಿಗನ್‌ಮನೆ · ಮಧ್ಯಾಹ್ನ 1:30

ಕಾಗದದ್ದೇ ಆಗಿತ್ತು, ತೆಗೆದೆ. ಈಗ ಎದೆ 152, ತೊಡೆ 146. ಎದೆಯ ಚರ್ಮ ಆಗಲೇ ಕೆಂಪಗಾಗಿದೆ!

ಒಲೆಮುಂದೆ · 1:34

ಚೆನ್ನಾಗಿದೆ. ಎದೆಗೆ ಮಾತ್ರ ಫಾಯಿಲ್ ಸಡಿಲವಾಗಿ ಮುಚ್ಚಿ, ಕಾಲು ತೆರೆದೇ ಇರಲಿ. ಥರ್ಮಾಮೀಟರ್ ಕಡ್ಡಿ ಮೂಳೆಗೆ ತಾಗದ ಹಾಗೆ ತೊಡೆಯ ಒಳಭಾಗ, ರೆಕ್ಕೆಯ ಬುಡ, ಎದೆಯ ದಪ್ಪ ಜಾಗ, ಮೂರೂ ಕಡೆ ಚುಚ್ಚಿ. ಮೂರೂ 165, ಅಂದರೆ 74 ಸೆಲ್ಸಿಯಸ್ ಆಗಬೇಕು. ತೊಡೆ 175ಕ್ಕೆ ಹೋದರೂ ಚಿಂತೆಯಿಲ್ಲ, ಆ ಮಾಂಸ ಆಗ ಇನ್ನೂ ಮೃದುವಾಗುತ್ತದೆ.

ಮಿಶಿಗನ್‌ಮನೆ · 2:25

ಎದೆ 166, ತೊಡೆ 171, ರೆಕ್ಕೆ ಬುಡ 169. ಹೊರಗೆ ತೆಗೆದೆ. ಆದರೆ ಕಾಲಿನ ಮೂಳೆ ಪಕ್ಕ ಗುಲಾಬಿ ಬಣ್ಣ ಕಾಣುತ್ತಿದೆ. ಮತ್ತೆ ಇಡಲಾ?

ಒಲೆಮುಂದೆ · 2:28

ಬೇಡ. ಪೂರ್ತಿ ಬೆಂದ ಟರ್ಕಿಯಲ್ಲೂ ಮೂಳೆ ಹತ್ತಿರ ಗುಲಾಬಿ ಉಳಿಯಬಹುದು. ಬಣ್ಣ ನೋಡಬೇಡಿ, ಅಂಕಿ ನೋಡಿ. ನಿಮ್ಮದು ಬೆಂದಿದೆ. ಈಗ ಅವನ್ 375ಕ್ಕೆ ಏರಿಸಿ, ಸ್ಟಫಿಂಗ್ ಒಳಗಿಡಿ.

ಕತ್ತರಿಸುವಾಗ ಮೊದಲು ಕಾಲುಗಳನ್ನು ಕೀಲಿನಲ್ಲಿ ಬೇರ್ಪಡಿಸಿ. ಎದೆಯನ್ನು ಮೂಳೆಯಿಂದ ಇಡಿಯಾಗಿ ಬಿಡಿಸಿ, ಹಲಗೆ ಮೇಲೆ ಅಡ್ಡಕ್ಕೆ ಹೋಳು ಮಾಡಿ. ಪ್ರತಿ ಹೋಳಿಗೂ ಚರ್ಮ ಬರುತ್ತದೆ.

ಮಿಶಿಗನ್‌ಮನೆ · ರಾತ್ರಿ 8:15

ಎಲ್ಲರೂ 4:10ಕ್ಕೆ ಊಟಕ್ಕೆ ಕೂತೆವು. ಎದೆ ಒಣಗಿರಲಿಲ್ಲ. ಅತ್ತೆ ಸ್ಟಫಿಂಗ್ ಎರಡು ಸಲ ಹಾಕಿಸಿಕೊಂಡರು. ನಿಮ್ಮಿಬ್ಬರಿಗೂ ಮನಸ್ಸಿನಿಂದ ಥ್ಯಾಂಕ್ಸ್. ಉಳಿದ ಮಾಂಸ ಎಷ್ಟು ದಿನ ಇಡಬಹುದು?

ಧಾರವಾಡ_ಟು_ಡಲ್ಲಾಸ್ · 8:31

ಬಡಿಸಿದ ಎರಡು ಗಂಟೆಯೊಳಗೆ ಫ್ರಿಜ್‌ಗೆ ಹೋಗಿರಬೇಕು. ಮೂಳೆಯಿಂದ ಬಿಡಿಸಿ, ಅಗಲವಾದ ಚಿಕ್ಕ ಡಬ್ಬಿಗಳಲ್ಲಿ ಹಾಕಿ. ಹಾಗೆ ಇಟ್ಟದ್ದು 3-4 ದಿನ, ಜಾಸ್ತಿ ಇದ್ದರೆ ಫ್ರೀಜರ್‌ಗೆ. ಮೂಳೆಗಳನ್ನು ಎಸೆಯಬೇಡಿ. ಈರುಳ್ಳಿ, ಮೆಣಸು ಹಾಕಿ ಪ್ರೆಶರ್ ಕುಕ್ಕರ್‌ನಲ್ಲಿ ಕುದಿಸಿ, ಸೋಸಿ. ಆ ನೀರಲ್ಲಿ ಶನಿವಾರ ಪಲಾವ್ ಮಾಡಿ, ಚೂರು ಮಾಂಸವನ್ನು ಕೊನೆಯಲ್ಲಿ ಸೇರಿಸಿ.