ಅರ್ಧ ದಿನ ಕೆಲಸಕ್ಕೆ ಹೋದರೆ ಪರಿಹಾರ ನಿಲ್ಲುತ್ತದೆಯೇ?

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯೆ): ತಾರಿಹಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪವರ್ ಪ್ರೆಸ್ ಮೇಲೆ ಕೆಲಸ ಮಾಡುತ್ತಿದ್ದೆ. ಮಾರ್ಚ್ ತಿಂಗಳಲ್ಲಿ ಬಲಗೈಯ ತೋರುಬೆರಳು ಮತ್ತು ನಡುಬೆರಳು ಬುಡದವರೆಗೆ ಹೋದವು. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದೆ. ಈಗ ತಾತ್ಕಾಲಿಕ ಅಂಗವೈಕಲ್ಯದ ಹಣ ಬರುತ್ತಿದೆ. ಗಾಯ ಒಣಗಿದೆ. ಇನ್ನು ಶಾಶ್ವತ ಅಂಗವೈಕಲ್ಯದ ಅರ್ಜಿ ಹಾಕಬೇಕು ಎನ್ನುತ್ತಾರೆ. ಈ ನಡುವೆ ಮಾಲೀಕರು ಕರೆದು, ‘ದಿನಕ್ಕೆ ನಾಲ್ಕು ಗಂಟೆ ಬಂದು ಕುಳಿತು ಮಾಲು ಎಣಿಸಿ ಕೊಡು, ಹಾಜರಿ ಹಾಕುವುದಿಲ್ಲ, ಹಣವನ್ನು ಕೈಗೆ ಕೊಡುತ್ತೇನೆ, ಇಎಸ್‌ಐ ಹಣವೂ ನಿನಗೆ ಬರಲಿ’ ಎಂದರು. ಹೋಗಬಹುದೇ? ಶಾಶ್ವತ ಪರಿಹಾರಕ್ಕೆ ಬದಲಾದ ಮೇಲೆ ಕೆಲಸ ಮಾಡಿದರೆ ಹಣ ಕಡಿಮೆ ಆಗುತ್ತದೆಯೇ? ಪಕ್ಕದ ಮನೆಯವರು ಸರ್ಕಾರದ 1,400 ರೂಪಾಯಿ ಅಂಗವಿಕಲ ಮಾಸಾಶನಕ್ಕೂ ಅರ್ಜಿ ಕೊಡು ಎನ್ನುತ್ತಾರೆ, ಅದೂ ಸಿಗುತ್ತದೆಯೇ?

ಉತ್ತರ (ಧಾರವಾಡದಲ್ಲಿ ಕಾರ್ಮಿಕ ಪ್ರಕರಣ ನಡೆಸುವ ವಕೀಲ): ಮೊದಲು ಮಾಲೀಕರ ಮಾತು. ಅದು ನಿಮಗೆ ಉಪಕಾರವಲ್ಲ, ಉರುಳು. ತಾತ್ಕಾಲಿಕ ಅಂಗವೈಕಲ್ಯ ಪರಿಹಾರದ ನಿಯಮ ದಿನದ ಲೆಕ್ಕದ್ದು. ಯಾವ ದಿನ ಕೆಲಸ ಮಾಡುತ್ತೀರೋ ಆ ದಿನಕ್ಕೆ ಹಣವಿಲ್ಲ. ನಾಲ್ಕು ಗಂಟೆ ಮಾಡಿದರೂ ಅದು ಕೆಲಸವೇ, ಅರ್ಧ ದಿನಕ್ಕೆ ಅರ್ಧ ಪರಿಹಾರ ಎಂಬ ಲೆಕ್ಕ ಇಎಸ್‌ಐಯಲ್ಲಿ ಇಲ್ಲ. ಸಂಬಳ ಸಹಿತ ರಜೆಯ ದಿನಕ್ಕೂ ಅದೇ ನಿಯಮ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದಿದ್ದರೂ ನೀವು ಅಲ್ಲಿ ಕುಳಿತದ್ದನ್ನು ಹತ್ತು ಜನ ನೋಡಿರುತ್ತಾರೆ. ನಾಳೆ ಮಾಲೀಕರಿಗೂ ನಿಮಗೂ ಮನಸ್ತಾಪವಾದರೆ ದೂರು ಕೊಡುವವರು ಅವರೇ ಆಗಬಹುದು. ಆಗ ಪಡೆದ ಹಣ ಹಿಂದಿರುಗಿಸುವುದರ ಜೊತೆಗೆ ಸುಳ್ಳು ಹೇಳಿಕೆಯ ಪ್ರಕರಣವನ್ನೂ ಎದುರಿಸಬೇಕಾಗುತ್ತದೆ. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಹಾಜರಿ ಇಲ್ಲದ ದಿನ ಆ ಕಾರ್ಖಾನೆಯೊಳಗೆ ನಿಮಗೆ ಮತ್ತೆ ಏನಾದರೂ ಪೆಟ್ಟಾದರೆ ನೀವು ಅಲ್ಲಿ ಕೆಲಸಕ್ಕಿದ್ದಿರಿ ಎಂದು ಸಾಬೀತು ಮಾಡುವ ಹೊಣೆ ನಿಮ್ಮ ಹೆಗಲಿಗೇ ಬರುತ್ತದೆ.

ಹಾಗಾದರೆ ಕ್ರಮ ಯಾವುದು? ಇಎಸ್‌ಐ ವೈದ್ಯರು ‘ಕೆಲಸಕ್ಕೆ ಯೋಗ್ಯ’ ಎಂದು ಅಂತಿಮ ಪ್ರಮಾಣಪತ್ರ ಕೊಡುವವರೆಗೆ ಮನೆಯಲ್ಲೇ ಇರಿ. ಆ ದಿನಗಳಿಗೆಲ್ಲ, ಭಾನುವಾರವೂ ಸೇರಿ, ನಿಮ್ಮ ಸರಾಸರಿ ದಿನಗೂಲಿಯ ಶೇ 90ರಷ್ಟು ಬರುತ್ತದೆ. ಅಂತಿಮ ಪ್ರಮಾಣಪತ್ರ ಬಂದ ದಿನ ತಾತ್ಕಾಲಿಕ ಪರಿಹಾರ ಮುಗಿಯುತ್ತದೆ. ಶಾಶ್ವತ ಪರಿಹಾರ ಲೆಕ್ಕಕ್ಕೆ ಬರುವುದು ಅಲ್ಲಿಂದಲೇ. ವೈದ್ಯಕೀಯ ಮಂಡಳಿ ನಿಮ್ಮನ್ನು ನೋಡಿ ತೀರ್ಮಾನಿಸಲು ತಿಂಗಳುಗಳು ಹಿಡಿಯಬಹುದು, ಆದರೆ ತೀರ್ಮಾನವಾದ ಮೇಲೆ ಬಾಕಿ ಸೇರಿಸಿ ಕೊಡುತ್ತಾರೆ. ಮಂಡಳಿಗೆ ಕಳುಹಿಸಿ ಎಂಬ ಅರ್ಜಿಯನ್ನು ಇಎಸ್‌ಐ ಶಾಖಾ ಕಚೇರಿಗೆ ನೀವೇ ಕೊಡಬೇಕು. ಅಂತಿಮ ಪ್ರಮಾಣಪತ್ರದಿಂದ ಒಂದು ವರ್ಷದೊಳಗೆ ಕೊಡಿ. ‘ಆಸ್ಪತ್ರೆಯವರೇ ಕಳುಹಿಸುತ್ತಾರೆ’ ಎಂದು ಕಾದು ಕುಳಿತು ವರ್ಷ ಕಳೆದುಕೊಂಡವರು ನನ್ನ ಕಚೇರಿಗೆ ಎಷ್ಟೋ ಮಂದಿ ಬಂದಿದ್ದಾರೆ.

ಈಗ ಹಣದ ಲೆಕ್ಕ. ಒಂದು ಕೈಯ ಎರಡು ಬೆರಳು ಪೂರ್ತಿ ಹೋದರೆ ಯಾವ ಗಾಯಕ್ಕೆ ಶೇಕಡಾ ಎಷ್ಟು ಎಂದು ಹೇಳುವ ಇಎಸ್‌ಐ ಅನುಸೂಚಿಯ ಪ್ರಕಾರ ಗಳಿಕೆ ಸಾಮರ್ಥ್ಯದ ನಷ್ಟ ಶೇ 20. (ಹೆಬ್ಬೆರಳು ಒಂದೇ ಹೋಗಿದ್ದರೆ ಶೇ 30. ಅನುಸೂಚಿ ಬರೆದವರಿಗೆ ಹೆಬ್ಬೆರಳಿನ ಬೆಲೆ ಗೊತ್ತಿತ್ತು.) ನಿಮ್ಮ ಸರಾಸರಿ ದಿನಗೂಲಿ 500 ರೂಪಾಯಿ ಎಂದುಕೊಳ್ಳಿ. ತಾತ್ಕಾಲಿಕ ದರ ದಿನಕ್ಕೆ 450. ಅದರ ಶೇ 20 ಎಂದರೆ 90 ರೂಪಾಯಿ, ಮೂವತ್ತು ದಿನದ ತಿಂಗಳಿಗೆ 2,700. ಇದು ಜೀವನಪರ್ಯಂತ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಶಾಶ್ವತ ಪರಿಹಾರಕ್ಕೆ ಬದಲಾದ ಮೇಲೆ ನಾಲ್ಕು ಗಂಟೆ ಮಾಡಿ, ಎಂಟು ಗಂಟೆ ಮಾಡಿ, ಬೇರೆ ಕಾರ್ಖಾನೆಗೆ ಹೋಗಿ, ಮನೆಯಲ್ಲಿ ರೊಟ್ಟಿ ಮಾಡಿ ಮಾರಿ, ಆ 90 ರೂಪಾಯಿ ಅಲುಗಾಡುವುದಿಲ್ಲ. ಅರ್ಧ ದಿನದ ಕಡಿಮೆ ಸಂಬಳದಿಂದ ದರ ಇಳಿಯುತ್ತದೆ ಎಂಬ ಹೆದರಿಕೆಯೂ ಬೇಡ. ಅಪಘಾತಕ್ಕೆ ಮುಂಚಿನ ಕೂಲಿಯೇ ಆಧಾರ. ನಿಮ್ಮದು ಮಾರ್ಚ್ ಅಪಘಾತ, ಆದ್ದರಿಂದ ಹಿಂದಿನ ವರ್ಷದ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ವಂತಿಗೆ ಕಟ್ಟಿದ ಕೂಲಿಯ ಸರಾಸರಿ ಹಿಡಿಯುತ್ತಾರೆ. ಆ ಆರು ತಿಂಗಳ ಸಂಬಳ ಚೀಟಿಗಳನ್ನು ಹುಡುಕಿಟ್ಟುಕೊಳ್ಳಿ. ಮಾಲೀಕರು ಓವರ್‌ಟೈಮ್ ಬಿಟ್ಟು ಕಡಿಮೆ ಕೂಲಿ ತೋರಿಸಿದ್ದರೆ ಅದನ್ನು ಪ್ರಶ್ನಿಸಬೇಕಾದ ಹೊತ್ತು ಇದೇ.

ಮಾಸಾಶನದ ವಿಷಯಕ್ಕೆ ಬಂದರೆ, ಪಕ್ಕದ ಮನೆಯವರು ಎರಡು ಶೇಕಡಾವಾರುಗಳನ್ನು ಒಂದೇ ಎಂದು ತಿಳಿದಿದ್ದಾರೆ. ಇಎಸ್‌ಐ ಮಂಡಳಿ ಅಳೆಯುವುದು ಗಳಿಕೆಯ ನಷ್ಟವನ್ನು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್‌ನಲ್ಲಿ ಅಳೆಯುವುದು ದೇಹದ ವೈಕಲ್ಯವನ್ನು. ಅಳತೆಗೋಲು ಬೇರೆ, ಮಂಡಳಿ ಬೇರೆ, ಒಂದರ ಕಾಗದ ಇನ್ನೊಂದು ಕಡೆ ನಡೆಯುವುದಿಲ್ಲ. ರಾಜ್ಯದ ಮಾಸಾಶನಕ್ಕೆ ಕನಿಷ್ಠ ಶೇ 40 ವೈಕಲ್ಯ ಇರಬೇಕು. ಶೇ 40ರಿಂದ 74ಕ್ಕೆ 800 ರೂಪಾಯಿ, ಶೇ 75ರ ಮೇಲೆ 1,400. ಎರಡು ಬೆರಳಿಗೆ ಶೇ 40 ಬರುವುದು ಕಷ್ಟ. ಅದಕ್ಕಿಂತ ಮುಖ್ಯವಾಗಿ, ವಾರ್ಷಿಕ ಆದಾಯದ ಮಿತಿ 32,000 ರೂಪಾಯಿ. ನಿಮ್ಮ ದಿನದ 90 ರೂಪಾಯಿಯೇ ವರ್ಷಕ್ಕೆ 32,850 ಆಗುತ್ತದೆ, ಮಿತಿಗಿಂತ 850 ಹೆಚ್ಚು. ಮೇಲೆ ಅರ್ಧ ದಿನದ ಸಂಬಳವೂ ಸೇರುತ್ತದೆ. ಆ ದಾರಿಗೆ ಬಸ್ ಖರ್ಚು ಮಾಡಬೇಡಿ.

ಪ್ರತಿಕ್ರಿಯೆ (ಇನ್ನೊಬ್ಬ ಸದಸ್ಯ, ಹುಬ್ಬಳ್ಳಿ): ವಕೀಲರೇ, ನಮ್ಮ ಕಾರ್ಖಾನೆಯಲ್ಲಿ ಎಲ್ಲರೂ ಹೇಳುವುದು ಬೇರೆ. ಮಂಡಳಿಯ ಮುಂದೆ ಹೋಗುವವರೆಗೆ ಯಾವ ಕೆಲಸಕ್ಕೂ ಸೇರಬಾರದು, ಸೇರಿದರೆ ‘ಇವಳು ಕೆಲಸ ಮಾಡಬಲ್ಲಳು’ ಎಂದು ಶೇಕಡಾವಾರು ಇಳಿಸುತ್ತಾರೆ ಎನ್ನುತ್ತಾರೆ. ನನ್ನ ತಮ್ಮ ಇದೇ ಕಾರಣಕ್ಕೆ ಏಳು ತಿಂಗಳು ಮನೆಯಲ್ಲಿ ಕುಳಿತ.

ಉತ್ತರ: ಏಳು ತಿಂಗಳ ಸಂಬಳ ಹೋಯಿತು. ಅಂತಿಮ ಪ್ರಮಾಣಪತ್ರ ಬಂದ ಮೇಲೆ ತಾತ್ಕಾಲಿಕ ಹಣವೂ ಇಲ್ಲ, ಮಂಡಳಿ ತೀರ್ಮಾನಿಸುವವರೆಗೆ ಶಾಶ್ವತದ ಹಣವೂ ಕೈಗೆ ಬಂದಿರುವುದಿಲ್ಲ. ಈ ನಡುವಿನ ತಿಂಗಳುಗಳೇ ಮನೆಗಳನ್ನು ಸಾಲಕ್ಕೆ ತಳ್ಳುವುದು. ತುಂಡಾದ ಬೆರಳು, ಹೋದ ಕಣ್ಣು, ಕತ್ತರಿಸಿದ ಕಾಲು, ಇವುಗಳ ಶೇಕಡಾವಾರು ಅನುಸೂಚಿಯಲ್ಲೇ ಅಚ್ಚಾಗಿದೆ. ನೀವು ಕೆಲಸಕ್ಕೆ ಹೋಗುತ್ತೀರೋ ಇಲ್ಲವೋ ಎಂಬುದು ಅದನ್ನು ಬದಲಿಸುವುದಿಲ್ಲ. ಅನುಸೂಚಿಯಲ್ಲಿ ಇಲ್ಲದ ಗಾಯಗಳಿಗೆ ಮಾತ್ರ, ಅಂದರೆ ಬೆರಳು ಇದ್ದೂ ಮಡಚಲಾಗದಿರುವುದು, ಮೊಣಕೈ ಬಿಗಿದುಕೊಂಡಿರುವುದು ಇಂಥವುಗಳಿಗೆ ಮಂಡಳಿ ತನ್ನ ವಿವೇಚನೆ ಬಳಸುತ್ತದೆ. ಅಲ್ಲಿಯೂ ಮೊದಲಿನ ಕೆಲಸ ಏನಿತ್ತು, ಈಗ ಏನು ಮಾಡಲಾಗುತ್ತಿಲ್ಲ ಎಂದು ಸ್ಪಷ್ಟವಾಗಿ ಹೇಳುವುದು ಮುಖ್ಯ. ಪ್ರೆಸ್ ನಡೆಸುತ್ತಿದ್ದವಳು ಈಗ ಮಾಲು ಎಣಿಸುತ್ತಿದ್ದಾಳೆ ಎಂಬುದು ನಷ್ಟಕ್ಕೇ ಸಾಕ್ಷಿ. ಶೇಕಡಾವಾರು ಕಡಿಮೆ ಎನಿಸಿದರೆ ಮೂರು ತಿಂಗಳೊಳಗೆ ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿಗೆ ಅಥವಾ ಇಎಸ್‌ಐ ನ್ಯಾಯಾಲಯಕ್ಕೆ ಹೋಗಬಹುದು.

ಪ್ರಶ್ನೆ (ಗದಗ-ಬೆಟಗೇರಿಯ ಸದಸ್ಯೆ): ನಮ್ಮ ತಂದೆ ಕೈಮಗ್ಗದ ನೇಕಾರರು. ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಒಂದು ಕಾಲು ಸೊರಗಿದೆ, ಕಾರ್ಡಿನಲ್ಲಿ ಶೇ 50 ಎಂದಿದೆ. 800 ರೂಪಾಯಿ ಅಂಗವಿಕಲ ಮಾಸಾಶನ ಬರುತ್ತದೆ. ಈಗ ಅವರಿಗೆ 65 ತುಂಬಿದೆ. ದಿನಕ್ಕೆ ಮೂರು ನಾಲ್ಕು ಗಂಟೆ ಇನ್ನೂ ಮಗ್ಗದಲ್ಲಿ ಕೂರುತ್ತಾರೆ. 65 ತುಂಬಿದವರ ಸಂಧ್ಯಾ ಸುರಕ್ಷಾ ಮಾಸಾಶನಕ್ಕೆ ಬದಲಾಯಿಸಿಕೊಳ್ಳಬಹುದೇ? ದುಡಿಯುತ್ತಿದ್ದಾರೆ ಎಂದು ತಿರಸ್ಕರಿಸುತ್ತಾರೆಯೇ?

ಉತ್ತರ: ಬದಲಾಯಿಸಿಕೊಳ್ಳಿ, ತಿಂಗಳಿಗೆ 400 ರೂಪಾಯಿ ಲಾಭ. ಸಂಧ್ಯಾ ಸುರಕ್ಷಾ 1,200 ರೂಪಾಯಿ. ಮಗ್ಗದಲ್ಲಿ ಕೂರುವುದನ್ನು ಮುಚ್ಚಿಡಲೇಬೇಡಿ. ಆ ಯೋಜನೆ ಮಾಡಿದ್ದೇ ಸಣ್ಣ ರೈತರು, ಕೃಷಿ ಕೂಲಿಕಾರರು, ನೇಕಾರರು, ಮೀನುಗಾರರು, ಅಸಂಘಟಿತ ಕಾರ್ಮಿಕರಿಗಾಗಿ. ನೇಕಾರಿಕೆ ಇಲ್ಲಿ ಅಡ್ಡಿಯಲ್ಲ, ಅರ್ಹತೆ. ಆದಾಯ ಮಾತ್ರ ಮಿತಿಯೊಳಗೆ ಇರಬೇಕು.

ಎರಡನ್ನೂ ಒಟ್ಟಿಗೆ ಪಡೆಯುವಂತಿಲ್ಲ. ಇಲ್ಲಿ ಜನ ಎಡವುವುದು ಎರಡು ರೀತಿಯಲ್ಲಿ. ಕೆಲವರು ಹಳೆಯದನ್ನು ಹೇಳದೆ ಹೊಸ ಅರ್ಜಿ ಹಾಕುತ್ತಾರೆ, ಆಧಾರ್ ಸಂಖ್ಯೆ ಎರಡೂ ಕಡೆ ಕಂಡು ಅರ್ಜಿ ಸಿಕ್ಕಿಬೀಳುತ್ತದೆ. ಕೆಲವರು ಪ್ರಾಮಾಣಿಕತೆಯ ಉತ್ಸಾಹದಲ್ಲಿ ಮೊದಲೇ ಹಳೆಯದನ್ನು ರದ್ದು ಮಾಡಿಸಿಕೊಂಡು, ಹೊಸದು ಬರುವವರೆಗೆ ಬರಿಗೈಯಲ್ಲಿ ಕೂರುತ್ತಾರೆ. ನಾಡಕಚೇರಿಗೆ ಕೊಡುವ ಅರ್ಜಿಯಲ್ಲೇ ಈಗಿನ ಮಂಜೂರಾತಿ ಆದೇಶದ ಪ್ರತಿ ಲಗತ್ತಿಸಿ, ‘ಇದನ್ನು ರದ್ದುಪಡಿಸಿ ಅದನ್ನು ಮಂಜೂರು ಮಾಡಿ’ ಎಂದು ಒಟ್ಟಿಗೆ ಕೇಳಿ. ಸ್ವೀಕೃತಿ ಪತ್ರ ಇಲ್ಲದೆ ಕಿಟಕಿಯಿಂದ ಕದಲಬೇಡಿ.

ಯುಡಿಐಡಿ ಕಾರ್ಡು ಹೋಗುವುದಿಲ್ಲ. ಬಸ್ಸಿನ ರಿಯಾಯಿತಿ ಪಾಸು ಕಾರ್ಡಿನ ಮೇಲೆ ನಿಂತಿದೆ, ಮಾಸಾಶನದ ಮೇಲಲ್ಲ. ವರ್ಷಕ್ಕೆ 660 ರೂಪಾಯಿ ಕಟ್ಟಿ 100 ಕಿಲೋಮೀಟರ್ ಒಳಗೆ ಓಡಾಡುವುದು ಹಾಗೆಯೇ ಮುಂದುವರಿಯುತ್ತದೆ. ಒಂದು ಎಚ್ಚರಿಕೆ: ಈ ಸಲಹೆ ಶೇ 50 ಇರುವ ನಿಮ್ಮ ತಂದೆಗೆ. ಶೇ 75ರ ಮೇಲಿದ್ದು 1,400 ಪಡೆಯುವವರು 65 ತುಂಬಿತೆಂದು ಸಂಧ್ಯಾ ಸುರಕ್ಷಾಗೆ ಹೋದರೆ 200 ರೂಪಾಯಿ ಕಳೆದುಕೊಳ್ಳುತ್ತಾರೆ. ಹಾಗೆ ಕಳೆದುಕೊಂಡವರು ಇದ್ದಾರೆ, ಅರ್ಜಿ ಬರೆದುಕೊಟ್ಟ ಮಧ್ಯವರ್ತಿಗೆ ಮಾತ್ರ ಶುಲ್ಕ ಸಿಕ್ಕಿತು.

ಪ್ರಶ್ನೆ (ಬ್ಯಾಡಗಿಯ ಸದಸ್ಯ): ನನಗೆ ಶೇ 60 ಇತ್ತು, 800 ಬರುತ್ತದೆ. ಕಳೆದ ವರ್ಷ ಸಕ್ಕರೆ ಕಾಯಿಲೆಯಿಂದ ಮೊಣಕಾಲಿನ ಕೆಳಗೆ ತೆಗೆದರು. ವೈದ್ಯರು ಈಗ ಶೇ 75 ದಾಟುತ್ತದೆ ಎನ್ನುತ್ತಾರೆ. ಮೆಣಸಿನಕಾಯಿ ಸುಗ್ಗಿಯ ಮೂರು ತಿಂಗಳು ಒಂದು ದಲಾಲಿ ಅಂಗಡಿಯಲ್ಲಿ ಮಧ್ಯಾಹ್ನದವರೆಗೆ ಲೆಕ್ಕ ಬರೆಯುತ್ತೇನೆ, ತಿಂಗಳಿಗೆ 9,000 ಕೊಡುತ್ತಾರೆ. ಉಳಿದ ಕಾಲ ಕೆಲಸವಿಲ್ಲ. 1,400ಕ್ಕೆ ಅರ್ಜಿ ಹಾಕಿದರೆ ಈ ಕೆಲಸ ಕಂಡು ಇರುವ 800 ಕೂಡ ಹೋದರೆ?

ಉತ್ತರ: ಮಿತಿ ವರ್ಷದ್ದು, ತಿಂಗಳದ್ದಲ್ಲ. ಮೂರು ತಿಂಗಳಿಗೆ 27,000. ಮನೆಯಲ್ಲಿ ಬೇರೆ ಆದಾಯ ಇಲ್ಲದಿದ್ದರೆ 32,000ದ ಒಳಗೇ ಇದ್ದೀರಿ. ಸುಗ್ಗಿಯ ತಿಂಗಳಲ್ಲಿ ಗ್ರಾಮ ಆಡಳಿತಾಧಿಕಾರಿ ವಿಚಾರಣೆಗೆ ಬಂದರೆ ‘ತಿಂಗಳಿಗೆ 9,000’ ಎಂದಷ್ಟೇ ಹೇಳಬೇಡಿ, ಅವರು ಹನ್ನೆರಡರಿಂದ ಗುಣಿಸಿ ಬರೆದುಬಿಟ್ಟರೆ 1,08,000 ಆಗುತ್ತದೆ. ಎಷ್ಟು ತಿಂಗಳ ಕೆಲಸ, ಒಟ್ಟು ಎಷ್ಟು ಎಂದು ಅಂಗಡಿಯವರಿಂದ ಒಂದು ಸಾಲು ಬರೆಸಿಕೊಂಡು ಇಟ್ಟುಕೊಳ್ಳಿ. ಆದರೆ ಗಮನಿಸಿ, ನಿಮಗೆ ಉಳಿದಿರುವುದು 5,000 ಮಾತ್ರ. ಸುಗ್ಗಿ ನಾಲ್ಕನೆಯ ತಿಂಗಳಿಗೆ ಎಳೆದರೆ ಮಿತಿ ದಾಟುತ್ತದೆ. ತಿಂಗಳಿಗೆ ಸರಾಸರಿ 2,666 ರೂಪಾಯಿಗಿಂತ ಹೆಚ್ಚು ದುಡಿಯುವವನು ಬಡವನಲ್ಲ ಎಂದು ಕಾಗದ ಹೇಳುತ್ತದೆ. ನನಗೆ ಒಪ್ಪಿಗೆ ಇಲ್ಲ, ಆದರೆ ಇರುವುದು ಹಾಗೆ.

ಮೊದಲು ಯುಡಿಐಡಿ ತಾಣದಲ್ಲಿ ಮರುಪರೀಕ್ಷೆಗೆ ಅರ್ಜಿ ಹಾಕಿ ಹಾವೇರಿ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ. ಶಸ್ತ್ರಚಿಕಿತ್ಸೆಯ ಬಿಡುಗಡೆ ಪತ್ರ ಜೊತೆಗಿರಲಿ. ಹಳೆಯ ತೊಂದರೆ ಮತ್ತು ಹೊಸದು ಎರಡನ್ನೂ ಒಟ್ಟಿಗೆ ಅಳೆಯಲು ಕೇಳಿ, ಇಲ್ಲದಿದ್ದರೆ ಕಾಲಿನದಷ್ಟೇ ಬರೆದು ಕಳುಹಿಸಬಹುದು. ಹೊಸ ಕಾರ್ಡು ಕೈಗೆ ಬಂದ ಮೇಲೆಯೇ ನಾಡಕಚೇರಿ. ಅಲ್ಲಿ ಹೊಸ ಮಾಸಾಶನದ ಅರ್ಜಿ ಬೇಡ, ಇರುವುದರ ದರ ಪರಿಷ್ಕರಣೆ ಕೇಳಿ. ಊರಿನ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರಿಗೆ ಆ ಕಿಟಕಿಗಳ ಪರಿಚಯ ಇರುತ್ತದೆ. ಬ್ಯಾಂಕಿಗೂ ಒಮ್ಮೆ ಹೋಗಿ ಖಾತೆಗೆ ಆಧಾರ್ ಜೋಡಣೆ ಸರಿಯಿದೆಯೇ ನೋಡಿಕೊಳ್ಳಿ. ಕಾಲು ತೆಗೆದ ದಿನದಿಂದ ಬಾಕಿ ಸಿಗುತ್ತದೆ ಎಂದು ಎಣಿಸಬೇಡಿ, ನಾನು ನೋಡಿದ ಪ್ರಕರಣಗಳಲ್ಲಿ ಹೊಸ ದರ ಆದೇಶದ ನಂತರವೇ ಬಂದಿದೆ. ಅದಕ್ಕೇ ತಡ ಮಾಡಬೇಡಿ.

ಮತ್ತೆ ಹುಬ್ಬಳ್ಳಿಯ ಸದಸ್ಯೆ: ಮಾಲೀಕರಿಗೆ ಇಲ್ಲ ಎಂದೆ. ಅವರು ಸಿಟ್ಟಾಗಲಿಲ್ಲ, ‘ಹಾಗಾದರೆ ಸರ್ಟಿಫಿಕೇಟ್ ಬಂದ ಮೇಲೆ ಅರ್ಧ ದಿನಕ್ಕೆ ಬಾ’ ಎಂದರು. ಸೋಮವಾರ ವೈದ್ಯರು ಅಂತಿಮ ಪ್ರಮಾಣಪತ್ರ ಕೊಡುತ್ತಾರಂತೆ. ಅರ್ಧ ದಿನದ ಸಂಬಳಕ್ಕೂ ಇಎಸ್‌ಐ ಹಿಡಿಯುತ್ತಾರೆಯೇ? ಹಿಡಿಯದಿದ್ದರೆ ನಾಲ್ಕು ಕಾಸು ಉಳಿಯುತ್ತಿತ್ತು.

ಉತ್ತರ: ಹಿಡಿಯಲಿ, ಹಿಡಿಯಲೇಬೇಕು. ನಿಮ್ಮ ಪಾಲು ಶೇ 0.75, ನೂರಕ್ಕೆ ಮುಕ್ಕಾಲು ರೂಪಾಯಿ. ಮಾಲೀಕರು ಶೇ 3.25 ಕಟ್ಟುತ್ತಾರೆ. ಆ ಮುಕ್ಕಾಲು ರೂಪಾಯಿಯಿಂದ ಮನೆಯವರ ಔಷಧಿಯೂ ನಡೆಯುತ್ತದೆ. ಮುಂದೊಂದು ದಿನ ಈ ಕೈಯಿಂದಾಗಿಯೇ ಕೆಲಸ ಬಿಡಬೇಕಾಗಿ ಬಂದರೆ, ವರ್ಷಕ್ಕೆ 120 ರೂಪಾಯಿ ಕಟ್ಟಿ ನೀವೂ ನಿಮ್ಮ ಪತಿಯೂ ನಿವೃತ್ತಿ ವಯಸ್ಸಿನವರೆಗೆ ಇಎಸ್‌ಐ ಚಿಕಿತ್ಸೆ ಪಡೆಯಬಹುದು, ಅದನ್ನೂ ಗುರುತು ಹಾಕಿಟ್ಟುಕೊಳ್ಳಿ. ಸೋಮವಾರ ಪ್ರಮಾಣಪತ್ರ ಸಿಕ್ಕ ಕೂಡಲೇ ಅದರ ಎರಡು ಜೆರಾಕ್ಸ್ ಮಾಡಿಸಿ. ಒಂದನ್ನು ಮಂಡಳಿಯ ಅರ್ಜಿಯೊಂದಿಗೆ ಅಂದೇ ಶಾಖಾ ಕಚೇರಿಗೆ ಕೊಟ್ಟು ಮುದ್ರೆ ಹಾಕಿಸಿಕೊಳ್ಳಿ. ಅದರಲ್ಲಿ ಬರೆದ ದಿನಾಂಕದಿಂದ ಕೆಲಸಕ್ಕೆ ಹೋಗಿ, ಈ ಸಲ ಹಾಜರಿ ಪುಸ್ತಕದಲ್ಲಿ ಎಡಗೈಯಿಂದಲಾದರೂ ಸಹಿ ಹಾಕಿ.